ಗೊಂಬೆ ಊರಿನ ಮಣಿಗೆ ಬಂತು ಹೊಸ ಗಿರಾಕಿ!

ಚನ್ನಪಟ್ಟಣ: ಚಿನ್ನದ ಅಂಗಡಿಯ ಮೆಟ್ಟಿಲು ಹತ್ತುವುದಕ್ಕೇ ಹೆದರುವ ಕಾಲ ಬಂದಿದೆ. 2025ರಲ್ಲಿ ಹತ್ತು ಗ್ರಾಂ ಅಪರಂಜಿ ಒಂದು ಲಕ್ಷ ರೂಪಾಯಿಯ ಗಡಿ ದಾಟಿತು. ಮದುವೆ ಮನೆಯವರು ಲೆಕ್ಕ ಹಾಕಿ ಹಾಕಿ ಸುಸ್ತಾದರು. ಇತ್ತ ಬೆಂಗಳೂರಿನ ಕಾಲೇಜು ಹುಡುಗಿಯರು, ಆಫೀಸಿಗೆ ಹೋಗುವ ಹೆಂಗಸರು ಹತ್ತಿ ಸೀರೆಗೆ ಒಪ್ಪುವ ಓಲೆ ಹುಡುಕಿಕೊಂಡು ಹೊರಟರೆ ಕೈಗೆ ಸಿಗುತ್ತಿರುವುದೇನು ಗೊತ್ತೆ? ಮರದ ಮಣಿ!

ಈ ಮಣಿ ಎಲ್ಲಿಯದು ಅಂತ ಕೇಳಿದರೆ ಉತ್ತರ ದೂರದ್ದೇನಲ್ಲ. ಬೆಂಗಳೂರಿನಿಂದ ಸುಮಾರು 60 ಕಿ.ಮೀ. ಮೈಸೂರು ಹಾದಿ ಹಿಡಿದರೆ ಸಿಗುವ ನಮ್ಮ ಚನ್ನಪಟ್ಟಣದ್ದೇ. ತೊಟ್ಟಿಲ ಮಗುವಿನ ಗಿಲಕಿ, ಬುಗುರಿ, ಬಣ್ಣದ ಬಂಡಿ ಮಾಡಿ ಹೆಸರಾದ ಊರು ಈಗ ಓಲೆ, ಬಳೆ, ಸರ, ಪದಕಗಳ ಊರೂ ಆಗುತ್ತಿದೆ.

ಹಾಗಂತ ಈ ಕಸುಬು ನಿನ್ನೆ ಮೊನ್ನೆಯದಲ್ಲ. ಟಿಪ್ಪು ಸುಲ್ತಾನ ಪರ್ಷಿಯಾದ ಕುಶಲಕರ್ಮಿಗಳನ್ನು ಕರೆಸಿ ಇಲ್ಲಿಯವರಿಗೆ ಕಲಿಸಿದ ಎನ್ನುವುದು ಊರಿನಲ್ಲಿ ನಡೆದುಬಂದ ಮಾತು. ಜಪಾನಿನ ಪದ್ಧತಿ ಕಲಿತು ಇಲ್ಲಿ ಹೊಸ ದಾರಿ ತೋರಿಸಿದವರೆಂದು ಬಾವಾಸ್ ಮಿಯಾ ಅವರ ಹೆಸರನ್ನೂ ಹೇಳುತ್ತಾರೆ. ಬಣ್ಣದ ಮಣಿ, ಮರದ ಬಳೆ ಅಂಗಡಿಗಳಲ್ಲಿ ಮೊದಲೂ ಇದ್ದವು. ಆದರೆ ಅವು ಗೊಂಬೆ ಕೊಂಡವರು ಚಿಲ್ಲರೆ ಉಳಿದರೆ ಕೊಳ್ಳುತ್ತಿದ್ದ ಸಾಮಾನು. ಅದನ್ನೇ ಮುಂದಿನ ಸಾಲಿಗೆ ತಂದವರು ಡಿಸೈನರುಗಳು.

ಯಾರಿವರು?

ಅತುಲ್ ಜೋಹ್ರಿ ಹೊರಗಿನಿಂದ ಬಂದವರು. ಚನ್ನಪಟ್ಟಣದಲ್ಲೇ ನೆಲೆ ನಿಂತು ಗಿಡಮೂಲದ ಬಣ್ಣದ ಅರಗಿನ ಕೆಲಸಕ್ಕೆ ಕೈಹಾಕಿದರು. ಬೆಂಗಳೂರಿನ ಮಾಯಾ ಆರ್ಗ್ಯಾನಿಕ್ ಇಲ್ಲಿಯ ಹೆಣ್ಣುಮಕ್ಕಳನ್ನೂ ಕೆಲಸಕ್ಕೆ ಸೇರಿಸಿಕೊಂಡು ನಡೆಯಿತು. 2011ರಲ್ಲಿ ಕಾರ್ತಿಕ್ ವೈದ್ಯನಾಥನ್ ‘ವರ್ಣಂ’ ಆರಂಭಿಸಿ, ಗೊಂಬೆಯ ಜತೆಗೆ ಮನೆ ಅಲಂಕಾರದ ವಸ್ತು, ಒಡವೆಗಳನ್ನೂ ಇಲ್ಲಿಯ ಕೈಗಳಿಂದ ಮಾಡಿಸಿದರು.

ಇವರ ಬಾಯಲ್ಲಿ ಓಡಾಡುವ ಪದ ‘ಕಲೆಕ್ಷನ್’. ಟಾಕೀಸಿನ ವಸೂಲಿ ಅಂತ ತಿಳಿಯಬೇಡಿ! ಒಂದೇ ಯೋಚನೆಯಲ್ಲಿ ಹುಟ್ಟಿದ, ಒಂದಕ್ಕೊಂದು ಹೊಂದುವ ಒಡವೆಗಳ ಒಂದು ಕಟ್ಟು ಅಂತ ಅರ್ಥ. ಹಳೆಯ ಮಣಿ ಗುಂಡಗೆ, ಕೆಂಪು ಹಳದಿ ಪಟ್ಟೆ ಹೊತ್ತು ದೂರದಿಂದಲೇ ಕೂಗಿ ಕರೆಯುತ್ತಿತ್ತು. ಹೊಸದು ಹಾಗಲ್ಲ. ಬಿಲ್ಲೆ, ಕೊಳವೆ, ಶಂಕು, ಅರ್ಧ ಚಂದ್ರ ಹೀಗೆ ನಾನಾ ಆಕಾರ. ಬಣ್ಣವೂ ಸ್ವಲ್ಪ ಮೆತ್ತಗೆ. ಕೆಲವದರಲ್ಲಿ ಅರ್ಧಕ್ಕೆ ಬಣ್ಣ, ಇನ್ನರ್ಧ ಬರಿ ಮರ. ನೂಲು, ಲೋಹದ ಕೊಂಡಿ ಸೇರಿಸಿ ಕಟ್ಟಿದರೆ ಪೇಟೆಯ ಹುಡುಗಿ ಜೀನ್ಸಿಗೂ ಹಾಕುತ್ತಾಳೆ, ಅವಳ ಅಮ್ಮ ಇಳಕಲ್ ಸೀರೆಗೂ ಹಾಕುತ್ತಾರೆ.

ಮಣಿ ಹುಟ್ಟುವ ಬಗೆ

ಕೆಲಸ ನೋಡಲು ಸುಲಭ, ಕೂತರೆ ಗೊತ್ತಾಗುತ್ತೆ. ಬೇಕಾದ ಮರ ಹಾಲೆ ಮರ. ಊರಿನವರ ಬಾಯಲ್ಲಿ ಅದು ಆಲೆ ಮರ. ಬಿಳುಪು, ಹಗುರ, ಎಳೆ ಒತ್ತು. ಕಡಿದು ತೊಗಟೆ ತೆಗೆದು ತಿಂಗಳುಗಟ್ಟಲೆ ಒಣಗಿಸಬೇಕು. ಹಸಿ ಮರ ಹಾಕಿದರೆ ಆಮೇಲೆ ಸೀಳು ಬಿಡುವುದು ಗ್ಯಾರಂಟಿ.

ಒಣಗಿದ ಕಡ್ಡಿಯನ್ನು ಲೇತಿಗೆ ಸಿಕ್ಕಿಸಿ ಉಳಿ ಹಿಡಿದರೆ ಸಾಲಾಗಿ ಮಣಿಗಳು ಏಳುತ್ತವೆ. ಉಪ್ಪು ಕಾಗದದಿಂದ ನಯ ಮಾಡಿ, ತಿರುಗುತ್ತಿರುವ ಮಣಿಗೆ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಮೇಲೆ ತಾಳೆಗರಿ ಹಿಡಿದರೆ ಕನ್ನಡಿ ಹೊಳಪು! ಕುಂಚವಿಲ್ಲ, ಬಣ್ಣದ ಡಬ್ಬಿಯಿಲ್ಲ.

ಗಿಡಮೂಲದ ಬಣ್ಣವಾದರೆ ಹಳದಿಗೆ ಅರಿಶಿನ, ನೀಲಿಗೆ ನೀಲಿ ಗಿಡ, ಎರಡೂ ಬೆರೆತರೆ ಹಸಿರು, ಕಂದಿಗೆ ಕಾಚು.

ಗೊಂಬೆಗೂ ಓಲೆಗೂ ಒಂದು ದೊಡ್ಡ ವ್ಯತ್ಯಾಸ ಉಂಟು. ಬುಗುರಿ ಒಂದು ನೂಲಷ್ಟು ದಪ್ಪವಾದರೂ ತಿರುಗುತ್ತದೆ. ಓಲೆ ಹಾಗಲ್ಲ, ಜೋಡಿ ಜೋಡಿ. ಎಡಗಿವಿಯದು ಬಲಗಿವಿಯದಕ್ಕೆ ಸರಿಸಮ ಬರಬೇಕು. ಅಚ್ಚು ಒತ್ತಿ ತೆಗೆಯುವ ಕೆಲಸವಲ್ಲ ಇದು, ಕಣ್ಣಳತೆ, ಕೈಯಳತೆಯ ಕೆಲಸ. ಒಂದು ಹೆಚ್ಚು ಕಡಿಮೆಯಾದರೆ ಎರಡೂ ವಾಪಸು. ಮರ ಕಡಿಮೆ ಬೇಕು ನಿಜ, ತಾಳ್ಮೆ ಹೆಚ್ಚು ಬೇಕು.

ರಸ್ತೆ ಪಕ್ಕದ ನೋವು

ಹೊಸ ಗಿರಾಕಿ ಬಂದದ್ದು ಒಳ್ಳೆಯ ಹೊತ್ತಿಗೇ ಅನ್ನಬೇಕು. ಯಾಕೆ ಅಂದರೆ ಹಳೆಯ ಗಿರಾಕಿ ಈಗ ಊರೊಳಗೆ ಬರುವುದೇ ಕಡಿಮೆ. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ದಶಪಥ ಉದ್ಘಾಟನೆಯಾಯಿತು. ಬೈಪಾಸು ರಾಮನಗರ, ಚನ್ನಪಟ್ಟಣ ಎರಡನ್ನೂ ಬದಿಗೊತ್ತಿ ಹೋಯಿತು. ಮೊದಲು ಮೈಸೂರಿಗೆ ಹೊರಟ ಕಾರು ಹಳೆಯ ಹೆದ್ದಾರಿಯಲ್ಲಿ ನಿಲ್ಲುತ್ತಿತ್ತು, ಮಕ್ಕಳು ಹಟ ಹಿಡಿಯುತ್ತಿದ್ದರು, ಅಪ್ಪ ಜೇಬಿಗೆ ಕೈಹಾಕುತ್ತಿದ್ದರು. ಈಗ ಕಾರು ಭರ್ರೆಂದು ಹೋಗುತ್ತದೆ. ಹಟ ಹಿಡಿಯಲು ಮಕ್ಕಳಿಗೆ ಗೊಂಬೆಯೇ ಕಾಣುವುದಿಲ್ಲ!

ಅದಕ್ಕೂ ಮುಂಚೆ ಚೀನಾದ ಪ್ಲಾಸ್ಟಿಕ್ ಗೊಂಬೆಗಳ ಹೊಡೆತ ಬಿದ್ದಿತ್ತು. ಕೇಂದ್ರ ಸರ್ಕಾರ 2020ರಲ್ಲಿ ಆಟಿಕೆಗಳ ಆಮದು ಸುಂಕವನ್ನು ಶೇ. 20ರಿಂದ 60ಕ್ಕೆ, 2023ರಲ್ಲಿ ಶೇ. 70ಕ್ಕೆ ಏರಿಸಿದ ಮೇಲೆ ಸ್ವಲ್ಪ ಉಸಿರು ಬಂತು. ಆದರೆ ರಸ್ತೆಯೇ ದೂರ ಸರಿದರೆ ಸುಂಕ ಏನು ಮಾಡೀತು? ಗಿರಾಕಿ ಊರಿಗೆ ಬರದಿದ್ದರೆ ಮಾಲು ಗಿರಾಕಿಯ ಊರಿಗೆ ಹೋಗಬೇಕು. ಆ ಕೆಲಸಕ್ಕೆ ಮಣಿಯೇ ಸರಿ. ನೂರು ಜೊತೆ ಓಲೆ ಒಂದು ಚೀಲದಲ್ಲಿ ಹೋಗುತ್ತದೆ.

ಹೆಸರು ಯಾರದು?

ಇಲ್ಲಿಯೇ ಇರುವುದು ತಕರಾರಿನ ಮಾತು. ಡಬ್ಬಿಯ ಮೇಲೆ ಡಿಸೈನರ್ ಹೆಸರು ಇರುತ್ತದೆ, ಕಲೆಕ್ಷನ್ನಿಗೂ ಚೆಂದದ ಹೆಸರು ಇರುತ್ತದೆ. ಲೇತಿನ ಮುಂದೆ ಮರದ ಧೂಳು ಕುಡಿದವನ ಹೆಸರು? ಹುಡುಕಿದರೂ ಸಿಗುವುದು ಅಪರೂಪ.

ಚಿತ್ರ ಬರೆದವರ ಬುದ್ಧಿಗೆ ಬೆಲೆ ಇಲ್ಲವೆಂದು ಯಾರೂ ಹೇಳುವುದಿಲ್ಲ. ಕಾಯಿದೆಯೂ ಅದಕ್ಕೆ ಬೆಲೆ ಕೊಟ್ಟಿದೆ. 2000ದ ವಿನ್ಯಾಸ ಕಾಯಿದೆಯಂತೆ ನೋಂದಾಯಿಸಿದ ವಿನ್ಯಾಸಕ್ಕೆ 10 ವರ್ಷ, ಬೇಕಾದರೆ ಇನ್ನೂ 5 ವರ್ಷ ರಕ್ಷಣೆ. ಆದರೆ ಕೆಲಸಗಾರ ತಾನೇ ಲೇತಿನ ಮುಂದೆ ಕಂಡುಕೊಂಡ ಆಕಾರವನ್ನು ನೋಂದಣಿ ಮಾಡಿಸಲು ಓಡಾಡುತ್ತಾನೆಯೇ? ಒಂದು ದಿನ ಕಚೇರಿಗೆ ಅಲೆದರೆ ಆ ದಿನದ ಕೂಲಿ ಖೋತಾ.

ಊರಿಗೆ ಭೌಗೋಳಿಕ ಗುರುತಿನ ಮುದ್ರೆ 2005–06ರಲ್ಲೇ ಸಿಕ್ಕಿದೆ. ಸಂತೋಷ. ಆದರೆ ಆ ಮುದ್ರೆಯ ಹೆಸರು ‘ಚನ್ನಪಟ್ಟಣದ ಆಟಿಕೆಗಳು ಮತ್ತು ಗೊಂಬೆಗಳು’. ಹೆಸರಿನಲ್ಲಿ ಓಲೆಯೂ ಇಲ್ಲ, ಬಳೆಯೂ ಇಲ್ಲ! ಊರಿನ ಅನ್ನ ಹೊಸ ದಾರಿ ಹಿಡಿದಿರುವಾಗ ಕಾಗದಪತ್ರ ಹಳೆಯ ದಾರಿಯಲ್ಲೇ ನಿಂತಿದೆ. ಸಂಬಂಧಪಟ್ಟವರು ಇತ್ತ ಕಣ್ಣು ಹಾಯಿಸುವುದು ಒಳ್ಳೆಯದು.

ಕೊಳ್ಳುವವರಿಗೆ ಎರಡು ಮಾತು

ಪ್ಲಾಸ್ಟಿಕ್ಕಿಗೆ ಬಣ್ಣ ಬಳಿದು ‘ಚನ್ನಪಟ್ಟಣದ್ದು’ ಅಂದರೆ ನಂಬಬೇಡಿ. ತೂತಿನ ಒಳಗೆ ಇಣುಕಿ ನೋಡಿ, ಮರದ ಬಿಳುಪು ಕಾಣಬೇಕು. ಕೊಂಡ ಮೇಲೆ ನೀರಿನಲ್ಲಿ ನೆನೆಸಬೇಡಿ, ಬಿಸಿಲಿಗೆ ಇಡಬೇಡಿ, ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು. ಸೆಂಟು, ಸ್ಯಾನಿಟೈಸರ್ ತಾಗಿಸಲೇಬೇಡಿ. ಅರಗು ಸ್ಪಿರಿಟ್ಟಿಗೆ ಕರಗುತ್ತದೆ, ಹೊಳಪು ಹೋದರೆ ಅಂಗಡಿಯವನ ಮೇಲೆ ಸಿಟ್ಟಾಗಿ ಫಲವಿಲ್ಲ.

ಇನ್ನೊಂದು ಮಾತು. ಯಾರ ಡಿಸೈನು ಅಂತ ಕೇಳುವವರು ಇದು ಯಾರ ಕೈಯ ಕೆಲಸ ಅಂತಲೂ ಒಮ್ಮೆ ಕೇಳಿ. ಹತ್ತು ಜನ ಕೇಳಿದರೆ ಹನ್ನೊಂದನೆಯವರಿಗೆ ಡಬ್ಬಿಯ ಮೇಲೆ ಎರಡನೇ ಹೆಸರೂ ಕಂಡೀತು. ಮೈಸೂರಿಗೆ ಹೋಗುವಾಗ ಅರ್ಧ ಗಂಟೆ ತಡವಾದರೂ ಚಿಂತೆಯಿಲ್ಲ, ದಶಪಥ ಬಿಟ್ಟು ಊರೊಳಗಿನ ಹಳೇ ರಸ್ತೆಗೆ ಇಳಿಯಿರಿ.

ಬೆಳ್ಳಗಿರೋದೆಲ್ಲ ಹಾಲಲ್ಲ ಅಂತಾರೆ. ಬಣ್ಣ ಇರೋದೆಲ್ಲ ಚನ್ನಪಟ್ಟಣದ್ದೂ ಅಲ್ಲ.