ನಗರ ರೈಲು: ಜೋಡಣೆಯೇ ಜೀವಾಳ

ವಾಹನದಟ್ಟಣೆಯಿಂದ ಬಳಲುತ್ತಿರುವ ಬೆಂಗಳೂರಿನಲ್ಲಿ ಬೈಯಪ್ಪನಹಳ್ಳಿ–ಮಹಾತ್ಮ ಗಾಂಧಿ ರಸ್ತೆ ನಡುವೆ ಮೆಟ್ರೊ ಸಂಚಾರ ಆರಂಭವಾದದ್ದು 2011ರ ಅಕ್ಟೋಬರ್ 20ರಂದು. 42.3 ಕಿ.ಮೀ. ಉದ್ದದ ಮೊದಲ ಹಂತ 2017ರ ಜೂನ್‌ನಲ್ಲಿ ಪೂರ್ಣಗೊಂಡಿತು. ಆದರೆ ಹಳಿ ಹಾಸಿದ ಮಾತ್ರಕ್ಕೆ ರಸ್ತೆಯ ಹೊರೆ ಇಳಿಯದೆಂಬುದನ್ನು ತದನಂತರದ ಎರಡು ಅನುಭವಗಳು ತೋರಿಸಿಕೊಟ್ಟಿವೆ.

ಕೃಷ್ಣರಾಜಪುರ–ವೈಟ್‌ಫೀಲ್ಡ್ ಮಾರ್ಗವು 2023ರ ಮಾರ್ಚ್‌ನಲ್ಲಿ ತೆರೆಯಿತಾದರೂ, ಬೈಯಪ್ಪನಹಳ್ಳಿಯಿಂದ ಕೃಷ್ಣರಾಜಪುರದವರೆಗಿನ ಸುಮಾರು 2 ಕಿ.ಮೀ. ಕೊಂಡಿ ಬಾಕಿ ಉಳಿದಿತ್ತು. ಅಕ್ಟೋಬರ್‌ನಲ್ಲಿ ಅದು ಕೂಡುವವರೆಗೆ ಪ್ರಯಾಣಿಕರು ನಡುವೆ ಇಳಿದು ಬಸ್ಸು ಹಿಡಿಯಬೇಕಾಯಿತು. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆ–ಬೊಮ್ಮಸಂದ್ರ ಮಾರ್ಗ ಆರಂಭವಾದಾಗ ಲಭ್ಯವಿದ್ದದ್ದು ಮೂರೇ ರೈಲುಗಳು. ಒಂದು ತಪ್ಪಿದರೆ ಮತ್ತೊಂದಕ್ಕೆ ಸುಮಾರು 25 ನಿಮಿಷಗಳ ಕಾಯುವಿಕೆ. ಪಾಳಿಯ ಹೊತ್ತಿಗೆ ಕಾರ್ಖಾನೆ ತಲುಪಬೇಕಾದ ನೌಕರನಿಗೆ ಇಂತಹ ಅಂತರ ಒಪ್ಪುವಂತಹುದಲ್ಲ. ಆತ ಮರಳಿ ದ್ವಿಚಕ್ರ ವಾಹನವನ್ನೇ ನೆಚ್ಚುತ್ತಾನೆ.

ಉಪನಗರ ರೈಲು ಯೋಜನೆಗೂ ಈ ಪಾಠ ಅನ್ವಯಿಸುತ್ತದೆ. ನಾಲ್ಕು ಕಾರಿಡಾರ್‌ಗಳ, 148 ಕಿ.ಮೀ. ಉದ್ದದ ಈ ಯೋಜನೆಗೆ ಕೇಂದ್ರ ಸರ್ಕಾರವು 2020ರಲ್ಲಿ ಒಪ್ಪಿಗೆ ನೀಡಿತು. ಅಂದಾಜು ವೆಚ್ಚ 15,767 ಕೋಟಿ ರೂಪಾಯಿ. ಯಶವಂತಪುರದಂತಹ ಸಂಧಿಸ್ಥಳಗಳಲ್ಲಿ ಮೆಟ್ರೊ, ಉಪನಗರ ರೈಲು ಹಾಗೂ ಬಸ್ಸುಗಳ ನಡುವೆ ನಡೆದೇ ಬದಲಿಸಿಕೊಳ್ಳುವ ಸುಗಮ ದಾರಿ ಇರಬೇಕು; ಟಿಕೆಟ್ಟೂ ಒಂದೇ ಆಗಿರುವುದು ಲೇಸು. ಬೋಗಿಗಳ ಖರೀದಿ, ಪಾದಚಾರಿ ಮಾರ್ಗ, ಸಂಪರ್ಕ ಬಸ್ಸುಗಳನ್ನು ಹಳಿಯ ಜೊತೆಜೊತೆಗೇ ಯೋಜಿಸಿದಲ್ಲಿ ಮಾತ್ರ ಹೂಡಿದ ಬಂಡವಾಳಕ್ಕೆ ತಕ್ಕ ಫಲ ದೊರೆತೀತು. ಉದ್ಯಮಗಳೂ ಪಾಳಿಯ ವೇಳೆಯನ್ನು ರೈಲಿನ ವೇಳಾಪಟ್ಟಿಗೆ ಹೊಂದಿಸಿಕೊಂಡು ಸಹಕರಿಸುವುದು ಅಪೇಕ್ಷಣೀಯ.