ಆನೆಗೊಂದಿಯ ಬೀದಿಗಳು: ಜನವಾಸವೇ ಜೀವಾಳ

ರೋಮ್ ನಗರದ ಯಾತ್ರೆ ಮುಗಿಸಿ ಬಂದವರು ಸಂತ ಪೇತ್ರರ ಮಹಾದೇವಾಲಯವನ್ನೂ ಅದರ ಮುಂದಿನ ವಿಶಾಲ ಚೌಕವನ್ನೂ ಬಣ್ಣಿಸತೊಡಗಿದರೆ ನಾವೆಲ್ಲರೂ ಮೈಮರೆತು ಕೇಳುತ್ತೇವೆ. ಆದರೆ ಐದು ಶತಮಾನಗಳ ಹಿಂದೆ ಯುರೋಪಿನಿಂದ ಬಂದ ಪ್ರವಾಸಿಗನೊಬ್ಬನು ನಮ್ಮ ತುಂಗಭದ್ರೆಯ ಬಳಿಯ ಬೆಟ್ಟವನ್ನೇರಿ, ಕೆಳಗಿನ ನಗರವನ್ನು ನೋಡಿ ರೋಮನ್ನು ನೆನೆದನೆಂಬ ಸಂಗತಿ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಭಾಗದ ನಮ್ಮಲ್ಲಿ ಎಷ್ಟು ಮಂದಿಗೆ ತಿಳಿದಿದೆ?

ಆತನೇ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್. 1520ರ ಸುಮಾರಿಗೆ ಕೃಷ್ಣದೇವರಾಯನ ವಿಜಯನಗರವನ್ನು ಕಂಡ ಆತನು, ಅದು ರೋಮ್ ನಗರದಷ್ಟೇ ದೊಡ್ಡದಾಗಿ ತೋರಿತೆಂದೂ ಮನೆಮನೆಯ ತೋಟಗಳೂ ನೀರಿನ ಕಾಲುವೆಗಳೂ ಕಣ್ಣಿಗೆ ಹಬ್ಬವಾಗಿದ್ದವೆಂದೂ ಬರೆದಿಟ್ಟನು. ವಜ್ರ, ಮಾಣಿಕ್ಯ, ಮುತ್ತುಗಳನ್ನು ಮಾರುವ ವರ್ತಕರ ಅಗಲವಾದ ಬೀದಿಯನ್ನೂ, ಸಂಜೆಯ ಸಂತೆಯನ್ನೂ ಆತನು ಮರೆಯಲಿಲ್ಲ. ಅದೇ ಕಾಲದಲ್ಲಿ ರೋಮ್ ಸಹ ಹೊಸ ರೂಪ ತಾಳುತ್ತಿತ್ತು. 1506ರಲ್ಲಿ ಅಸ್ತಿಭಾರ ಹಾಕಿದ ಸಂತ ಪೇತ್ರರ ಹೊಸ ದೇವಾಲಯ ಮೇಲೇಳುತ್ತಿತ್ತು. ಜಗದ್ಗುರು ಎರಡನೇ ಜೂಲಿಯಸ್ ಅವರು ಹಳೆಯ ಓಣಿಗಳ ನಡುವೆ ತೆರೆಯಿಸಿದ ನೇರವಾದ ಬೀದಿ ಇಂದಿಗೂ ಅವರ ಹೆಸರನ್ನೇ ಹೊತ್ತಿದೆ.

ನದಿಯ ಈಚೆ ದಡದಲ್ಲಿರುವ, ಇಂದಿನ ಗಂಗಾವತಿ ತಾಲ್ಲೂಕಿನ ಆನೆಗೊಂದಿಯೂ ಪಾಯೆಸನ ಬರಹದಲ್ಲಿದೆ. ಅದು ಹಿಂದೆ ರಾಜಧಾನಿಯಾಗಿತ್ತೆಂದೂ, ತನ್ನ ಕಾಲಕ್ಕೆ ಅಲ್ಲಿ ಕೆಲವೇ ಜನರಿದ್ದರೂ ಕೋಟೆಯ ಗೋಡೆಗಳು ಭದ್ರವಾಗಿದ್ದವೆಂದೂ ಆತನು ಹೇಳುತ್ತಾನೆ. ಬುಟ್ಟಿಯಂತೆ ದುಂಡಗಿದ್ದು, ಹೊರಗೆ ಚರ್ಮ ಹೊದಿಸಿದ ಹರಿಗೋಲಿನಲ್ಲಿ ಹದಿನೈದು ಇಪ್ಪತ್ತು ಮಂದಿ ಒಟ್ಟಿಗೆ ಹೊಳೆ ದಾಟುವುದನ್ನು ಕಂಡು ಆತನು ಅಚ್ಚರಿಪಟ್ಟನು.

ಆ ಕೆಲವೇ ಜನರ ಊರು ಇಂದಿಗೂ ಊರಾಗಿಯೇ ಉಳಿದಿದೆ. ಊರ ನಡುವೆ ಕಮಾನಿನ ಕಿಟಕಿಗಳ ಗಗನಮಹಲ್ ಇದೆ. ಸಮೀಪದಲ್ಲೇ ರಂಗನಾಥನ ಗುಡಿಯಿದೆ. ಬೀದಿಯ ಇಕ್ಕೆಲಗಳಲ್ಲಿ ಕಲ್ಲು ಮಣ್ಣಿನ ದಪ್ಪ ಗೋಡೆಗಳ ಹಳೆಯ ಮನೆಗಳಿವೆ. ಬಾಗಿಲ ಮುಂದೆ ಕೂಡಲು ಕಟ್ಟೆ, ಒಳಗೆ ಪಡಸಾಲೆ, ಮೇಲೆ ಮಣ್ಣಿನ ಮಾಳಿಗೆ. ನಮ್ಮ ಸೀಮೆಯ ಬಿರುಬೇಸಿಗೆಯಲ್ಲೂ ಇಂಥ ಮನೆ ತಂಪಾಗಿರುತ್ತದೆ. ಆದರೆ ಮಳೆಗಾಲಕ್ಕೆ ಮುನ್ನ ಮಾಳಿಗೆಯ ಮಣ್ಣನ್ನು ಸರಿಪಡಿಸುವವರು ಮನೆಯಲ್ಲಿರಬೇಕು. ಮನೆಯವರು ಬೀಗ ಹಾಕಿ ಹೊರಟರೆ ನಾಲ್ಕಾರು ಮಳೆಗೆ ತೊಲೆಗಳು ನೆನೆದು ಮಾಳಿಗೆ ಕುಸಿಯುತ್ತದೆ. ಜನವಾಸವೇ ಈ ಮನೆಗಳ ಜೀವಾಳ.

ನಗರಗಳ ಮಾತೂ ಇದೇ ಅಲ್ಲವೇ? 1527ರಲ್ಲಿ ರೋಮ್ ಸೈನಿಕರ ಲೂಟಿಗೆ ತುತ್ತಾಯಿತು; ಆದರೆ ಜನ ಮರಳಿದರು, ನಗರ ಮತ್ತೆ ಬೆಳೆಯಿತು. 1565ರ ಯುದ್ಧದ ನಂತರ ಹಾಳಾದ ವಿಜಯನಗರಕ್ಕೆ ಆ ಭಾಗ್ಯ ಒದಗಲಿಲ್ಲ. ಸಂತ ಫ್ರಾನ್ಸಿಸ್ ಕ್ಸೇವಿಯರರ ದರ್ಶನಕ್ಕೆಂದು ನಾವು ಹೋಗುವ ಹಳೆಯ ಗೋವೆಯಲ್ಲಿಯೂ ಭವ್ಯ ದೇವಾಲಯಗಳು ನಿಂತಿವೆ; ರೋಗರುಜಿನಗಳಿಂದ ಜನ ತೊರೆದ ಅಲ್ಲಿನ ಬೀದಿಗಳು ಮಾತ್ರ ಅಳಿದುಹೋಗಿವೆ. ಹಂಪಿಯ ಸ್ಮಾರಕಗಳೂ ಗೋವೆಯ ದೇವಾಲಯಗಳೂ 1986ರಲ್ಲಿಯೇ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವೆಂಬುದು ಗಮನಾರ್ಹ.

ಇಲ್ಲಿಯೇ ಕಠಿಣವಾದ ಪ್ರಶ್ನೆಯೊಂದು ಏಳುತ್ತದೆ. ಹಂಪಿಯಲ್ಲಿ ವಿರೂಪಾಕ್ಷ ಗುಡಿಯ ಮುಂದಿನ ಬೀದಿಯ ಕಲ್ಲಿನ ಸಾಲುಮಂಟಪಗಳಲ್ಲಿ ನೆಲೆಸಿದ್ದ ಕುಟುಂಬಗಳನ್ನು 2011ರ ಜುಲೈನಲ್ಲಿ ತೆರವುಗೊಳಿಸಲಾಯಿತು. ಸ್ಮಾರಕಗಳ ರಕ್ಷಣೆಗೆ ಅದು ಅಗತ್ಯವೆಂದು ಕೆಲವರು ವಾದಿಸಿದರು. ಬದುಕು ಕಳೆದುಕೊಂಡವರ ಕಣ್ಣೀರೂ ಸುಳ್ಳಲ್ಲ. ಆನೆಗೊಂದಿಯೂ ಸಂರಕ್ಷಿತ ಪ್ರದೇಶಕ್ಕೆ ಸೇರಿರುವುದರಿಂದ ಮನೆ ಕಟ್ಟುವುದಕ್ಕೆ ಕಟ್ಟುಪಾಡುಗಳಿವೆ. ಸೋರುವ ಮಾಳಿಗೆಯಡಿ ಮಕ್ಕಳನ್ನು ಮಲಗಿಸುವ ತಾಯಿ ಸಿಮೆಂಟಿನ ಸೂರನ್ನು ಬಯಸಿದರೆ ಅದನ್ನು ತಪ್ಪೆನ್ನಲಾದೀತೇ? ಹಳೆಯ ಮನೆ ಉಳಿಯಬೇಕೆನ್ನುವ ಸಮಾಜವು ಅದರ ದುರಸ್ತಿಯ ಹೊರೆಯನ್ನೂ ಹಂಚಿಕೊಳ್ಳಬೇಕಾಗುತ್ತದೆ.

ಇದಕ್ಕೆ ದಾರಿಯಿಲ್ಲವೆಂದಲ್ಲ. 1997ರಿಂದ ಆನೆಗೊಂದಿಯಲ್ಲಿ ಕಾರ್ಯನಿರತವಾದ ಕಿಷ್ಕಿಂಧಾ ಟ್ರಸ್ಟ್ ಬಾಳೆನಾರಿನ ಕೈಕಸುಬನ್ನು ಮಹಿಳೆಯರಿಗೆ ಕಲಿಸಿತು. ಹಳೆಯ ಮನೆಗಳ ಜೀರ್ಣೋದ್ಧಾರಕ್ಕೂ ಮುಂದಾಯಿತು. ಊರಿನಲ್ಲೇ ದುಡಿಮೆ ದೊರೆತರೆ ಮನೆಗೆ ಬೀಗ ಬೀಳದು. ಬೀಗ ಬೀಳದಿದ್ದರೆ ಬೀದಿ ಉಳಿದೀತು.

ಆದುದರಿಂದ ರಜೆಯ ದಿನಗಳಲ್ಲಿ ಆನೆಗೊಂದಿಯ ಕಡೆ ಹೋಗುವ ನಮ್ಮ ಕುಟುಂಬಗಳು ಬೆಟ್ಟವನ್ನೇರಿ ಇಳಿದು ಹಿಂದಿರುಗದೆ, ಮಕ್ಕಳೊಡನೆ ಊರೊಳಗೂ ನಡೆದು ಬರಲಿ. ಕಟ್ಟೆಯ ಮೇಲೆ ಕುಳಿತ ಹಿರಿಯರನ್ನು ಮಾತನಾಡಿಸಲಿ. ಅಲ್ಲಿಯವರ ಕೈಯಲ್ಲಿ ತಯಾರಾದ ವಸ್ತುವೊಂದನ್ನು ಕೊಂಡು ತರಲಿ. ರೋಮ್ ನಮಗೆ ಬಲು ದೂರ. ಆನೆಗೊಂದಿ ನಮ್ಮ ಮಗ್ಗುಲಲ್ಲೇ ಇದೆ.