ಹಳಿ ಮೇಲೆ ಮನುಷ್ಯ ಬಂದರೆ ಸಿಗ್ನಲ್‌ಗೆ ಗೊತ್ತಾಗಲ್ಲ!



ಪೆಂಡೆಲ್‌ಟೋಗ್‌ಗೆ ಕಾಯುತ್ತಾ ನಿಂತಾಗ "ಊಬೆಹೋರಿಗ ಇ ಸ್ಪೋರೆಟ್" ಅನ್ನೋ ಪ್ರಕಟಣೆಯನ್ನು ನೀವು ಕೇಳಿರುತ್ತೀರಿ. ಅನುಮತಿ ಇಲ್ಲದ ಯಾರೋ ಹಳಿಗೆ ಇಳಿದಿದ್ದಾರೆ ಅಂತ ಅದರ ಅರ್ಥ. ಸ್ವಲ್ಪ ಹೊತ್ತಿನಲ್ಲೇ ಬೋರ್ಡಿನ ಮೇಲಿನ ಸಮಯಗಳೆಲ್ಲ ಬದಲಾಗುತ್ತವೆ, ಪ್ಲಾಟ್‌ಫಾರಂ ತುಂಬಿಹೋಗುತ್ತೆ. ಸ್ವೀಡನ್ನಿನಲ್ಲಿ ಇದಕ್ಕೆ "ಸ್ಪೋರ್‌ಸ್ಪ್ರಿಂಗ್" ಅಂತ ಒಂದು ಹೆಸರೇ ಇದೆ. ಹೀಗೆ ಇಳಿಯೋರಲ್ಲಿ ದೊಡ್ಡವರೂ ಇದ್ದಾರೆ, ನಿಮ್ಮ ವಯಸ್ಸಿನವರೂ ಇದ್ದಾರೆ. ಕೆಲವರು ಸುತ್ತಿ ಹೋಗೋ ದಾರಿ ಉಳಿಸೋಕೆ, ಕೆಲವರು ವಿಡಿಯೋ ಮಾಡೋಕೆ, ಕೆಲವರು ಬೋಗಿ ಮೇಲೆ ಸ್ಪ್ರೇ ಬಣ್ಣ ಹೊಡೆಯೋಕೆ, ಇನ್ನು ಕೆಲವರು ಗೆಳೆಯರ ಮುಂದೆ ಧೈರ್ಯ ತೋರಿಸೋಕೆ.

ಒಬ್ಬರು ಇಳಿದರೆ ಅಷ್ಟೊಂದು ರೈಲು ಯಾಕೆ ನಿಲ್ಲಬೇಕು? ಇದಕ್ಕೆ ಉತ್ತರ ಬೇಕು ಅಂದರೆ ಮೊದಲು ಸಿಗ್ನಲ್ ಹೇಗೆ ಕೆಲಸ ಮಾಡುತ್ತೆ ಅಂತ ತಿಳಿಯಬೇಕು.

ಹಳಿಗೆ ಕಾಣೋದು ರೈಲು ಮಾತ್ರ

ರೈಲುಹಾದಿಯನ್ನು ತುಂಡು ತುಂಡಾಗಿ ವಿಂಗಡಿಸಿರುತ್ತಾರೆ. ಬಹಳ ಕಡೆ ಪ್ರತಿ ತುಂಡಿನ ಹಳಿಗಳಲ್ಲೂ ಒಂದು ಸಣ್ಣ ಕರೆಂಟ್ ಹರಿಯುತ್ತಿರುತ್ತೆ. ರೈಲು ಬಂದಾಗ ಅದರ ಕಬ್ಬಿಣದ ಗಾಲಿ ಮತ್ತು ಅಚ್ಚು ಎರಡೂ ಹಳಿಗಳನ್ನು ಒಂದಕ್ಕೊಂದು ಸೇರಿಸಿಬಿಡುತ್ತವೆ. ಆಗ ಆ ಕರೆಂಟ್ ಆಚೆ ತುದಿಗೆ ಮುಟ್ಟೋದಿಲ್ಲ. "ಇಲ್ಲಿ ರೈಲಿದೆ" ಅಂತ ವ್ಯವಸ್ಥೆಗೆ ಗೊತ್ತಾಗಿ, ಹಿಂದಿನ ರೈಲಿಗೆ ಕೆಂಪು ದೀಪ ಬರುತ್ತೆ. ಒಂದು ತಂತಿ ಕಿತ್ತುಹೋದರೂ ಕೆಂಪು ದೀಪವೇ ಬರುತ್ತೆ. ಅಂದರೆ ಏನೇ ಕೆಟ್ಟರೂ ರೈಲು ನಿಲ್ಲೋ ಹಾಗೆ ಮಾಡಿದ್ದಾರೆ. ಎಷ್ಟು ಜಾಣ ಉಪಾಯ ಅಲ್ವಾ?

ಆದರೆ ಈ ಉಪಾಯ ನಿಮ್ಮನ್ನು ಕಾಯೋದಿಲ್ಲ. ರಬ್ಬರ್ ಸೋಲಿನ ಶೂ ಹಾಕಿಕೊಂಡು ಹಳಿ ಮೇಲೆ ನಡೆಯೋ ಹುಡುಗ ಎರಡು ಹಳಿಗಳನ್ನು ಸೇರಿಸೋದಿಲ್ಲ. ಸಿಗ್ನಲ್ ಪಾಲಿಗೆ ಅವನು ಅಲ್ಲಿ ಇಲ್ಲವೇ ಇಲ್ಲ, ದೀಪ ಹಸಿರಾಗೇ ಇರುತ್ತೆ. ಅವನನ್ನು ನೋಡಬೇಕಾದ್ದು ಚಾಲಕರ ಕಣ್ಣು, ಇಲ್ಲವೇ ಕೆಲವು ಕಡೆ ಇರೋ ಕ್ಯಾಮೆರಾ.

ಅದಕ್ಕೇ ಯಾರಾದರೂ ಕಂಡರೆ ಚಾಲಕರು ತಕ್ಷಣ ರೇಡಿಯೋದಲ್ಲಿ ಟ್ರಾಫಿಕ್‌ವೆರ್ಕೆಟ್‌ನ ಸಂಚಾರ ಕೇಂದ್ರಕ್ಕೆ ತಿಳಿಸ್ತಾರೆ. ಅಲ್ಲಿನವರು ಆ ಭಾಗದ ರೈಲುಗಳನ್ನು ನಿಲ್ಲಿಸ್ತಾರೆ, ಇಲ್ಲವೇ ಕಣ್ಣಿಗೆ ಕಂಡಷ್ಟು ದೂರದಲ್ಲಿ ನಿಲ್ಲಿಸಬಹುದಾದಷ್ಟು ನಿಧಾನವಾಗಿ ಓಡಿಸಿ ಅಂತಾರೆ. ಆ ಮನುಷ್ಯ ಹಳಿ ಬಿಟ್ಟು ಹೋಗಿದ್ದಾನೆ ಅಂತ ಖಾತ್ರಿ ಆಗೋವರೆಗೂ ಹೀಗೇ. ಇನ್ನು ಸ್ಟಾಕ್‌ಹೋಮ್ ಸೆಂಟ್ರಲ್‌ನಿಂದ ದಕ್ಷಿಣಕ್ಕೆ ಹೋಗೋ ಹಾದಿಯನ್ನೇ ನೋಡಿ. 1871ರಲ್ಲಿ ತೆರೆದ ಆ ಹಾದಿಯಲ್ಲಿ ಇರೋದು ಎರಡೇ ಹಳಿಜೋಡಿ. ಕಣಜದ ಸೊಂಟದ ಹಾಗೆ ಕಿರಿದು ಅಂತ ಅದಕ್ಕೆ "ಗೇಟಿಂಗ್‌ಮಿಡ್ಯಾನ್" ಅಂತಲೇ ಹೆಸರು. 2017ರಲ್ಲಿ ಸಿಟಿಬಾನಾನ್ ಸುರಂಗ ಬಂದ ಮೇಲೆ ಪೆಂಡೆಲ್‌ಟೋಗ್‌ಗಳು ಬೇರೆ ದಾರಿ ಹಿಡಿದವು. ಆದರೂ ಇಂಥ ಜಾಗದಲ್ಲಿ ಒಂದು ರೈಲು ನಿಂತರೆ ಹಿಂದಿನವೆಲ್ಲ ಸಾಲಾಗಿ ನಿಲ್ಲಬೇಕು.

ಕಂಡರೂ ನಿಲ್ಲಿಸೋಕಾಗಲ್ಲ

ಪೆಂಡೆಲ್‌ಟೋಗ್ ಗಂಟೆಗೆ 160 ಕಿಲೋಮೀಟರ್‌ವರೆಗೂ ಓಡಬಲ್ಲದು. ಆ ವೇಗದಲ್ಲಿ ಸೆಕೆಂಡಿಗೆ ಸುಮಾರು 44 ಮೀಟರ್. ಎರಡು ಹಳಿಜೋಡಿ ದಾಟೋಕೆ ನಿಮಗೆ 10 ಸೆಕೆಂಡ್ ಬೇಕು ಅಂದುಕೊಳ್ಳಿ. ಅಷ್ಟರಲ್ಲಿ ರೈಲು 440 ಮೀಟರ್ ಬಂದಿರುತ್ತೆ. ಕಬ್ಬಿಣದ ಹಳಿ ಮೇಲೆ ಕಬ್ಬಿಣದ ಗಾಲಿಗೆ ಹಿಡಿತ ಕಡಿಮೆ. ಎಕ್ಸ್ 2000ದಂಥ ರೈಲು 200 ಕಿಲೋಮೀಟರ್ ವೇಗದಲ್ಲಿದ್ದರೆ ನಿಲ್ಲೋಕೆ ಒಂದು ಕಿಲೋಮೀಟರಿಗಿಂತ ಹೆಚ್ಚು ದೂರ ಬೇಕು. ಕಾರಿನ ಹಾಗೆ ಪಕ್ಕಕ್ಕೆ ತಿರುಗಿಸೋಕಂತೂ ಆಗೋದೇ ಇಲ್ಲ.

ಇನ್ನೊಂದು ವಿಷಯ. ಸ್ವೀಡನ್ನಿನಲ್ಲಿ ಕಾರುಗಳು 1967ರಿಂದ ಬಲಗಡೆ ಓಡುತ್ತವೆ, ಆದರೆ ರೈಲುಗಳು ಈಗಲೂ ಸಾಮಾನ್ಯವಾಗಿ ಎಡಗಡೆಯೇ! ಅದೂ ಅಲ್ಲದೆ ಬೇಕಾದಾಗ ಯಾವ ಹಳಿಯಲ್ಲಾದರೂ ಎರಡೂ ದಿಕ್ಕಿನಿಂದ ರೈಲು ಬಿಡಬಹುದು. "ಈ ಕಡೆಯಿಂದ ಬರಲ್ಲ" ಅನ್ನೋ ಲೆಕ್ಕಾಚಾರ ನಂಬೋ ಹಾಗಿಲ್ಲ.

ತಂತಿ ಮುಟ್ಟದಿದ್ದರೂ ಶಾಕ್

ಎಲ್ಲಕ್ಕಿಂತ ಅಪಾಯ ನಿಂತ ಬೋಗಿಯ ಮೇಲೆ ಹತ್ತೋದು. ಹಳಿಯ ಮೇಲಿನ ತಂತಿಯಲ್ಲಿ 15,000 ವೋಲ್ಟ್ ಇರುತ್ತೆ, ಮನೆಯ ಪ್ಲಗ್‌ನಲ್ಲಿರೋ 230 ವೋಲ್ಟ್‌ನ ಸುಮಾರು 65 ಪಟ್ಟು. ರೈಲು ಓಡದ ರಾತ್ರಿಯಲ್ಲೂ ಅದು ಆಫ್ ಆಗಿರುತ್ತೆ ಅಂದುಕೊಳ್ಳಬೇಡಿ. ತಂತಿ ಇರೋದು ಸುಮಾರು ಐದೂವರೆ ಮೀಟರ್ ಎತ್ತರದಲ್ಲಿ. ನಾಲ್ಕು ಮೀಟರ್ ಎತ್ತರದ ಬೋಗಿ ಮೇಲೆ ಒಂದೂವರೆ ಮೀಟರ್ ಎತ್ತರದ ಹುಡುಗಿ ನಿಂತರೆ ತಲೆ ಎಲ್ಲಿರುತ್ತೆ? ನೀವೇ ಕೂಡಿಸಿ ನೋಡಿ. ತಂತಿಯನ್ನು ಮುಟ್ಟಲೇಬೇಕು ಅಂತಿಲ್ಲ, ಹತ್ತಿರ ಹೋದರೆ ಸಾಕು, ಮಿಂಚಿನ ಹಾಗೆ ಕರೆಂಟ್ ಗಾಳಿಯಲ್ಲೇ ಹಾರುತ್ತೆ. ಬದುಕಿ ಉಳಿದವರನ್ನು ಲಿಂಶೋಪಿಂಗ್ ಅಥವಾ ಉಪ್ಸಾಲಾದಲ್ಲಿರೋ ಸುಟ್ಟಗಾಯದ ರಾಷ್ಟ್ರೀಯ ಚಿಕಿತ್ಸಾ ಕೇಂದ್ರಕ್ಕೆ ಕರೆದೊಯ್ಯಬೇಕಾಗಬಹುದು. ಟುನ್ನೆಲ್‌ಬಾನಾದಲ್ಲಿ ತಂತಿ ಮೇಲಿಲ್ಲ ಅಂತ ಸಮಾಧಾನ ಬೇಡ. ಅಲ್ಲಿ ಕರೆಂಟ್ ಇರೋದು ನೆಲದಲ್ಲೇ, ಪಕ್ಕದ ಮೂರನೇ ಹಳಿಯಲ್ಲಿ.

ಸಿಕ್ಕಿಬಿದ್ದರೆ ಏನಾಗುತ್ತೆ?

ಹಳಿಗೆ ಇಳಿಯೋದು ಕಾನೂನಿಗೆ ವಿರುದ್ಧ, ದಂಡ ಬೀಳುತ್ತೆ. ಬೋಗಿಗೆ ಬಣ್ಣ ಹೊಡೆಯೋದು, ಗಾಜು ಒಡೆಯೋದು ಅದಕ್ಕಿಂತ ದೊಡ್ಡ ತಪ್ಪು. ಇಲ್ಲಿ ಅದನ್ನು "ಸ್ಕಾಡೆಯೋರೆಲ್ಸೆ" ಅಂತಾರೆ. ದೊಡ್ಡವರಿಗೆ ಎರಡು ವರ್ಷದವರೆಗೆ, ತೀರಾ ಗಂಭೀರವಾಗಿದ್ದರೆ ಆರು ವರ್ಷದವರೆಗೂ ಜೈಲಾಗಬಹುದು. ಓಡೋ ರೈಲಿಗೆ ಕಲ್ಲು ಹೊಡೆದರೆ, ಹಳಿ ಮೇಲೆ ಏನಾದರೂ ಇಟ್ಟರೆ ಜನರ ಪ್ರಾಣಕ್ಕೆ ಅಪಾಯ ತಂದ ಲೆಕ್ಕ.

ಇಂಥ ತಪ್ಪಿಗೆ 15 ತುಂಬದ ಮಕ್ಕಳಿಗೆ ಶಿಕ್ಷೆ ಇಲ್ಲ. ಹಾಗಂತ ಸುಮ್ಮನೆ ಬಿಡೋದೂ ಇಲ್ಲ. ಪೊಲೀಸರು ಮನೆಗೆ ತಿಳಿಸ್ತಾರೆ, ಸೋಸಿಯಾಲ್‌ಶೆನ್‌ಸ್ಟೆನ್‌ಗೂ ವರದಿ ಹೋಗಬಹುದು. 15ರಿಂದ 17ರವರ ಮೇಲೆ ಅಪರಾಧದ ಅನುಮಾನ ಬಂದರೆ ಅಪ್ಪ ಅಮ್ಮನಿಗೆ ತಿಳಿಸಿ, ವಿಚಾರಣೆಗೆ ಅವರನ್ನೂ ಕರೆಯೋದು ನಿಯಮ. ಸ್ಪ್ರೇ ಬಣ್ಣವನ್ನು ವಶಪಡಿಸಿಕೊಳ್ಳೋ ಅಧಿಕಾರವೂ ಪೊಲೀಸರಿಗಿದೆ.

ಪೋಷಕರಿಗೆ ಎರಡು ಮಾತು

2010ರಿಂದ ಇಲ್ಲಿ ಒಂದು ನಿಯಮವಿದೆ. ಮಕ್ಕಳು ಅಪರಾಧ ಮಾಡಿ ನಷ್ಟ ಉಂಟುಮಾಡಿದರೆ ಪೋಷಕರೂ ಪರಿಹಾರ ಕಟ್ಟಬೇಕು. ಒಂದು ಘಟನೆಗೆ ಇದರ ಮಿತಿ "ಪ್ರೀಸ್‌ಬಾಸ್‌ಬೆಲೋಪ್"ನ ಐದರಲ್ಲಿ ಒಂದು ಭಾಗ. 2025ರ ಲೆಕ್ಕದಲ್ಲಿ ಅದು 11,760 ಕ್ರೋನರ್. ಇದಲ್ಲದೆ ಮಗುವಿನ ಮೇಲೂ ಪರಿಹಾರದ ಹೊಣೆ ಬರಬಹುದು. ಸೋಸಿಯಾಲ್‌ಶೆನ್‌ಸ್ಟೆನ್‌ನಿಂದ ಕರೆ ಬಂದರೆ ನಮ್ಮವರು ಬಹಳ ಗಾಬರಿಯಾಗ್ತಾರೆ. ಸಾಮಾನ್ಯವಾಗಿ ಅದು ಶುರುವಾಗೋದು ಮಾತುಕತೆಯಿಂದ. ಹೋಗಿ, ಕೂತು ಮಾತಾಡಿ, ಮುಚ್ಚಿಡಬೇಡಿ.

ಇನ್ನೊಂದು, ನಮ್ಮ ಅಭ್ಯಾಸದ ವಿಷಯ. ನಮ್ಮೂರ ಕಡೆ ಮೇಲ್ಸೇತುವೆ ಬಿಟ್ಟು ಹಳಿ ದಾಟಿ ಆಚೆ ಪ್ಲಾಟ್‌ಫಾರಂಗೆ ಹತ್ತೋದು ಮಾಮೂಲು ಅನ್ನೋ ಹಾಗಿದೆ. ಆದರೆ ಅಲ್ಲೂ ಅದು ತಪ್ಪೇ. 1989ರ ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ಆರು ತಿಂಗಳವರೆಗೆ ಜೈಲು, ಇಲ್ಲವೇ 1,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಈಗ ವಿದ್ಯುತ್ ಹಾಕಿರೋ ಹಾದಿಗಳ ತಂತಿಯಲ್ಲಿ 25,000 ವೋಲ್ಟ್ ಇದೆ. 2023ರಲ್ಲಿ ಬೆಂಗಳೂರು–ಧಾರವಾಡ ವಂದೇ ಭಾರತ್ ಶುರುವಾದ ಕೆಲವೇ ದಿನಕ್ಕೆ ದಾವಣಗೆರೆ ಹತ್ತಿರ ಅದಕ್ಕೆ ಕಲ್ಲು ಬಿತ್ತು. ರಜೆಗೆ ಊರಿಗೆ ಹೋದಾಗ ನಾವು ಹಳಿ ದಾಟಿದರೆ ಮಕ್ಕಳು ಅದನ್ನೇ ಕಲಿಯುತ್ತಾರೆ.

ಮಕ್ಕಳೇ, ಇಷ್ಟು ನೆನಪಿಡಿ

ಫೋನೋ ಕೈಗವಸೋ ಹಳಿಗೆ ಬಿದ್ದರೆ ಇಳಿಯಬೇಡಿ, ನಿಲ್ದಾಣದ ಸಿಬ್ಬಂದಿಗೆ ಹೇಳಿ. ಯಾರಾದರೂ ಹಳಿ ಮೇಲೆ ಕಂಡರೆ, ಬೋಗಿ ಹತ್ತುತ್ತಿದ್ದರೆ, 112ಕ್ಕೆ ಫೋನ್ ಮಾಡಿ. ಅದು ಚಾಡಿ ಅಲ್ಲ, ಜೀವ ಉಳಿಸೋ ಕೆಲಸ. ಗೆಳೆಯರು "ಬಾರೋ, ಹೆದರುಪುಕ್ಲ" ಅಂದರೆ "ನಾನು ಬರಲ್ಲ, ನೀನೂ ಹೋಗಬೇಡ" ಅನ್ನಿ. ಹಳಿಗೆ ಇಳಿಯೋಕಿಂತ ಹಾಗೆ ಹೇಳೋಕೇ ಹೆಚ್ಚು ಧೈರ್ಯ ಬೇಕು. ಮತ್ತೆ, ರೈಲಿನ ಮುಂದೆ ಕೂತಿರೋ ಚಾಲಕರೂ ಯಾರದೋ ಅಪ್ಪ, ಯಾರದೋ ಅಮ್ಮ. ಬ್ರೇಕ್ ಹಾಕಿಯೂ ರೈಲು ನಿಲ್ಲದಿದ್ದರೆ, ಆ ನೋವನ್ನು ಅವರು ಜೀವನವಿಡೀ ಹೊರಬೇಕು.